ಹಾಯಿದೋಣಿಗೆ ಇನ್ನೊಂದು ಸ್ಟೇ: ತಂತಿ ಸುಲಭ, ಗೂಟ ಕಷ್ಟ

ಆಲಮಟ್ಟಿ ಹಿನ್ನೀರಿನ ಮೇಲೆ ಆಷಾಢದ ಗಾಳಿ ಹೇಗೆ ಬೀಸುತ್ತದೆ ಅಂತ ಬಾಗಲಕೋಟೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಇಂಥ ಗಾಳಿಯಲ್ಲಿ ನಮ್ಮ 22 ಅಡಿಯ ದೋಣಿಯ ಮುಂದಿನ ದೊಡ್ಡ ಹಾಯಿಯನ್ನು ಅರ್ಧ ಸುತ್ತಿಟ್ಟು ನೋಡಿದೆವು. ಅದು ಚಪ್ಪಟೆಯಾಗುವ ಬದಲು ಚೀಲದಂತೆ ಉಬ್ಬಿತು. ದೋಣಿ ಮುಂದೆ ಹೋಗಿದ್ದಕ್ಕಿಂತ ವಾಲಿದ್ದೇ ಜಾಸ್ತಿ. ಇದಕ್ಕೆ ಉಪಾಯ, ದೋಣಿಯ ಮೂಗಿನಿಂದ ಹಾಯಿಕಂಬಕ್ಕೆ ಹೋಗುವ ಮುಂದಿನ ತಂತಿಗಿಂತ ಒಳಗೆ ಇನ್ನೊಂದು ತಂತಿ ಬಿಗಿದು, ಅದಕ್ಕೆ ದಪ್ಪ ಬಟ್ಟೆಯ ಚಿಕ್ಕ ಹಾಯಿ ಏರಿಸುವುದು.

ಕರೆಂಟ್ ಕಂಬದ ಸ್ಟೇ ವೈರ್ ನೋಡಿದ್ದೀರಲ್ವಾ? ಇದೂ ಅದೇ ಜಾತಿ.

ಮೊದಲು ಮೇಲಿನ ತುದಿ. ಹಾಯಿಕಂಬದ ಮೂರನೇ ಎರಡು ಭಾಗದ ಎತ್ತರಕ್ಕೆ ಕಟ್ಟಿದರೆ ಗಾಳಿಗೆ ಕಂಬ ನಡುವಲ್ಲಿ ಮುಂದಕ್ಕೆ ಬಾಗುತ್ತದೆ. ಅದನ್ನು ತಡೆಯಲು ಹಿಂದಕ್ಕೆ ಎಳೆಯುವ ಎರಡು ಹಗ್ಗ ಬೇಕು. ಪ್ರತಿ ತಿರುವಿಗೂ ಒಂದನ್ನು ಬಿಗಿದು ಇನ್ನೊಂದನ್ನು ಬಿಡಬೇಕು. ಸಣ್ಣ ದೋಣಿಗೆ ಯಾಕೆ ಆ ಉಸಾಬರಿ? ಮುಂದಿನ ತಂತಿ ಕಂಬದ ತುದಿಗೇ ಹೋಗುವ ದೋಣಿಯಾದರೆ, ಅದಕ್ಕಿಂತ ಒಂದು ಗೇಣು ಕೆಳಗೆ ಕಟ್ಟಿ. ಆಗ ಹಿಂದಿನ ತಂತಿಯೇ ಭಾರ ಹೊರುತ್ತದೆ.

ಇನ್ನು ಕೆಳಗಿನ ತುದಿ. ನಾನು ಎಡವಿದ್ದು ಇಲ್ಲೇ. ಡೆಕ್ಕಿಗೆ ಸುಮ್ನೆ ಪ್ಲೇಟ್ ಇಟ್ಟು ನಾಲ್ಕು ಬೋಲ್ಟ್ ಬಿಗಿದಿದ್ದೆ. ಒಂದೇ ಮಧ್ಯಾಹ್ನದ ಗಾಳಿಗೆ ಪ್ಲೇಟಿನ ಸುತ್ತ ಡೆಕ್ ಹಪ್ಪಳದಂತೆ ಎದ್ದಿತ್ತು. ಡೆಕ್ ಇರುವುದು ಓಡಾಡಲಿಕ್ಕೆ, ಮೇಲಕ್ಕೆ ಎಳೆಸಿಕೊಳ್ಳಲಿಕ್ಕಲ್ಲ. ಆ ಎಳೆತ ದೋಣಿಯ ಒಡಲಿಗೇ ತಲುಪಬೇಕು. ಪ್ಲೇಟಿನ ಕೆಳಗೆ ಗಟ್ಟಿ ಅಡ್ಡಗೋಡೆ ಇದ್ದರೆ ಪುಣ್ಯ, ಅದಕ್ಕೇ ಬೋಲ್ಟ್ ಮಾಡಿ. ನಮ್ಮಲ್ಲಿ ಇರಲಿಲ್ಲ. ಬೆಳಗಾವಿಯ ಉದ್ಯಮಬಾಗದಲ್ಲಿ ಸ್ಟೇನ್‌ಲೆಸ್ ಪ್ಲೇಟ್, ರಾಡ್ ಮಾಡಿಸಿ ತಂದೆವು. ಡೆಕ್ಕಿನಿಂದ ಕೆಳಗಿಳಿದ ರಾಡನ್ನು ದೋಣಿಯ ಮೂಗಿನ ಒಳಗಿನ ಗಟ್ಟಿ ಭಾಗಕ್ಕೆ ಬಿಗಿದೆವು.

ತೂತು ಕೊರೆಯುವಾಗ ಆತುರ ಬೇಡ. ಫೈಬರ್ ಡೆಕ್ಕಿನ ಹೊಟ್ಟೆಯಲ್ಲಿ ಸಾಮಾನ್ಯವಾಗಿ ಮರ ಇರುತ್ತದೆ. ನೀರಿಳಿದರೆ ಅದು ಕೊಳೆಯುತ್ತದೆ. ಬೋಲ್ಟಿಗಿಂತ ದೊಡ್ಡ ತೂತು ಕೊರೆದು, ಎಪಾಕ್ಸಿ ತುಂಬಿ, ಅದು ಪೂರ್ತಿ ಗಟ್ಟಿಯಾದ ಮೇಲೆ ನಡುವೆ ಬೋಲ್ಟಿನ ಅಳತೆಗೆ ಮತ್ತೆ ಕೊರೆಯಿರಿ.

ತಂತಿಯ ಅಳತೆಗೆ, ಹಾಯಿ ಏರಿಸುವ ಹಗ್ಗಕ್ಕೆ ಟೇಪ್ ಕಟ್ಟಿ ಮೇಲೆ ಕಳಿಸಿ. ಟರ್ನ್‌ಬಕಲ್ (ತಂತಿ ಬಿಗಿಯುವ ತಿರುಪು) ಅರ್ಧ ತೆರೆದಿರುವಾಗಿನ ಉದ್ದವನ್ನು ಅದರಲ್ಲಿ ಕಳೆಯಿರಿ. ಸ್ಟೀಲ್ ತಂತಿಯ ಬದಲು ಡೈನೀಮಾ ಎಂಬ ಗಟ್ಟಿ ಸಿಂಥೆಟಿಕ್ ಹಗ್ಗವೂ ಆಗುತ್ತದೆ. ಆದರೆ ಹಾಯಿಯ ಲೋಹದ ಕೊಕ್ಕೆಗಳು ಅದನ್ನು ಸವೆಸುತ್ತವೆ, ಹಗ್ಗದ ಕುಣಿಕೆ ಹಾಕಿಸಿಕೊಳ್ಳಿ. ಚಿಕ್ಕ ಹಾಯಿ ಏರಿಸಲು ಬೇರೆ ಹಗ್ಗ, ಅದಕ್ಕೊಂದು ರಾಟೆಯೂ ಬೇಕು.

ಸ್ಟೇ ಕಳಚಿಡುವಂತೆ ಇರಲಿ. ಎರಡು ತಂತಿಗಳ ನಡುವಿನ ಸಂದಿ ಕಿರಿದು. ದೊಡ್ಡ ಹಾಯಿ ಹಾಕಿ ದೋಣಿ ತಿರುಗಿಸುವಾಗ ಅದು ಅಲ್ಲಿ ಸಿಕ್ಕಿಕೊಳ್ಳುತ್ತದೆ. ಗಾಳಿ ಕಡಿಮೆ ಇದ್ದಾಗ ಸ್ಟೇ ಬಿಚ್ಚಿ ಕಂಬದ ಬುಡಕ್ಕೆ ಕಟ್ಟಿಡಿ.

ಬಿಗಿಯುವಾಗ ಒಂದು ಕಣ್ಣು ಮುಂದಿನ ತಂತಿಯ ಮೇಲಿರಲಿ. ಒಳಗಿನದು ಬಿಗಿದಷ್ಟೂ ಅದು ಸಡಿಲಾಗುತ್ತದೆ. ಮೊದಲ ಸಲ ಗಾಳಿಗೆ ಹೋದಾಗ ಒಬ್ಬರು ಟಾರ್ಚ್ ಹಿಡಿದು ಒಳಗೆ ಕೂತು ಆ ರಾಡನ್ನೇ ನೋಡುತ್ತಿರಲಿ. ಡೆಕ್ ಒಂದು ಕೂದಲೆಳೆಯಷ್ಟು ಎದ್ದರೂ ಕೂಗು ಹಾಕಲಿ, ನೀವು ಹಾಯಿ ಇಳಿಸಿ.