ಗೇಮಿಂಗಿಗೆ ವಿಪಿಎನ್: ದುಡ್ಡು ಕಟ್ಟುವ ಮೊದಲು ಪಿಂಗ್ ಅಳೆಯಿರಿ

ಬೇಸಿಗೆ ರಜೆಗೆ ಕೊಪ್ಪಳದಿಂದ ಬಳ್ಳಾರಿಗೆ ಬಂದಿದ್ದ ಅಕ್ಕನ ಮಗ, ಊಟಕ್ಕೆ ಕುಳಿತಲ್ಲಿಯೇ ಫೋನು ಮುಂದೆ ಹಿಡಿದು, ‘ಮಾವ, ವಿಪಿಎನ್ ಹಾಕಿದ್ರ ಪಿಂಗ್ ಇಳಿತೈತಂತ, ಖರೇನ?’ ಎಂದು ಕೇಳಿದ. ಅವನು ಕೇಳುವ ಹೊತ್ತಿಗಾಗಲೇ ಯಾವುದೋ ಜಾಹೀರಾತನ್ನು ನಂಬಿ ಎರಡು ವರ್ಷದ ಚಂದಾ ಕಟ್ಟಿಯಾಗಿತ್ತು. ಪಿಂಗ್ ಎಂದರೆ ನಮ್ಮ ಮಾಹಿತಿ ಆಟದ ಸರ್ವರಿಗೆ ಹೋಗಿ ಮರಳಲು ಹಿಡಿಯುವ ಮಿಲಿಸೆಕೆಂಡುಗಳು; ಕಡಿಮೆಯಿದ್ದಷ್ಟೂ ಒಳ್ಳೆಯದು. 40ರ ಆಸುಪಾಸಿನಲ್ಲಿ ಹಸಿರಾಗಿ ಕಾಣುತ್ತಿದ್ದ ಅವನ ಪಿಂಗ್, ವಿಪಿಎನ್ ಹಚ್ಚಿದೊಡನೆ 150 ದಾಟಿ ಕೆಂಪಗಾಗಿತ್ತು. ಇದೇ ತಪ್ಪನ್ನು ತೋರಣಗಲ್ಲಿನ ಬಾಡಿಗೆ ಕೋಣೆಗಳಲ್ಲಿ ಇರುವ ಹುಡುಗರೂ, ರಾಯಚೂರಿನ ಹಾಸ್ಟೆಲಿನ ವಿದ್ಯಾರ್ಥಿಗಳೂ ಮಾಡಿದ್ದನ್ನು ಕಂಡಿದ್ದೇನೆ. ಎಲ್ಲರೂ ಮೊದಲು ದುಡ್ಡು ಕಟ್ಟುತ್ತಾರೆ, ಆಮೇಲೆ ಪಿಂಗ್ ನೋಡುತ್ತಾರೆ. ಈ ಕ್ರಮವನ್ನು ತಿರುವು ಮಾಡಿದರೆ ಅರ್ಧ ಕೆಲಸ ಮುಗಿದಂತೆ.

ಹಂತ 1: ವಿಪಿಎನ್ ನಿಮಗೆ ಬೇಕೇ?

ವಿಪಿಎನ್ ಎಂದರೆ ನಿಮ್ಮ ಫೋನು ಅಥವಾ ಕಂಪ್ಯೂಟರಿನಿಂದ ಹೊರಡುವ ಎಲ್ಲ ಮಾಹಿತಿಯನ್ನು ಗೂಢಲಿಪಿಯಲ್ಲಿ ಕಟ್ಟಿ, ಇನ್ನೊಬ್ಬರ ಸರ್ವರ್ ಮೂಲಕ ಹಾಯಿಸಿ ಕಳುಹಿಸುವ ಏರ್ಪಾಡು. ಇದರಿಂದ ನಿಮ್ಮ ಇಂಟರ್ನೆಟ್ ಕಂಪನಿಗೆ ನೀವು ಎಲ್ಲಿ ಹೋದಿರಿ ಎಂಬುದು ಕಾಣುವುದಿಲ್ಲ, ಎದುರಿನವರಿಗೆ ನಿಮ್ಮ ನಿಜವಾದ ಐಪಿ ವಿಳಾಸ (ನೆಟ್‌ನಲ್ಲಿ ನಿಮ್ಮ ಸಂಪರ್ಕದ ಗುರುತು ಸಂಖ್ಯೆ) ಸಿಗುವುದಿಲ್ಲ. ಆದರೆ ಆಟದ ಕಂಪನಿಗೆ ನಿಮ್ಮ ಖಾತೆ, ಮೊಬೈಲ್ ಸಂಖ್ಯೆ ಮತ್ತು ಫೋನಿನ ಗುರುತು ಎಂದಿನಂತೆ ತಿಳಿದೇ ಇರುತ್ತವೆ.

ಎದುರಾಳಿ ಸಿಟ್ಟಿಗೆದ್ದು ನಮ್ಮ ಐಪಿ ಹಿಡಿದು, ಅದಕ್ಕೆ ಬೇಡದ ಮಾಹಿತಿಯ ಪ್ರವಾಹ ಹರಿಸಿ ಲೈನು ಮುಳುಗಿಸುತ್ತಾನೆ ಎಂಬ ಭಯ ಹುಡುಗರಲ್ಲಿ ಬಹಳವಿದೆ. ಇಂದಿನ ದೊಡ್ಡ ಆಟಗಳಲ್ಲಿ ಆಟಗಾರರೆಲ್ಲರೂ ಕಂಪನಿಯ ಸರ್ವರಿಗೇ ಜೋಡಣೆಯಾಗುವುದರಿಂದ ಒಬ್ಬರ ಐಪಿ ಇನ್ನೊಬ್ಬರಿಗೆ ತಿಳಿಯುವುದು ಅಪರೂಪ. ಆಟಗಾರರು ಮಾತಾಡಿಕೊಳ್ಳಲು ಬಳಸುವ ಡಿಸ್ಕಾರ್ಡ್‌ನ ಧ್ವನಿ ಕರೆಯೂ ಅವರ ಸರ್ವರ್ ಮೂಲಕವೇ ಹಾಯುತ್ತದೆ. ಇದಲ್ಲದೆ ಮೊಬೈಲ್ ಡೇಟಾದಲ್ಲಿ ಒಂದೇ ಐಪಿವಿ4 (ಹಳೆಯ ಮಾದರಿಯ ಐಪಿ) ವಿಳಾಸವನ್ನು ಅನೇಕ ಗ್ರಾಹಕರಿಗೆ ಹಂಚಿರುತ್ತಾರೆ. ಆದ್ದರಿಂದ ವಿಪಿಎನ್‌ನ ನಿಜವಾದ ಅಗತ್ಯ ಇರುವುದು ಮೂರೇ ಕಡೆ: ಜಿಟಿಎ ಆನ್‌ಲೈನ್‌ನಂತೆ ಆಟಗಾರರ ಯಂತ್ರಗಳು ನೇರವಾಗಿ ಒಂದಕ್ಕೊಂದು ಮಾತಾಡುವ ಆಟಗಳಲ್ಲಿ, ಲಾಡ್ಜು, ಹಾಸ್ಟೆಲುಗಳ ಹಂಚಿಕೆಯ ವೈಫೈ ಬಳಸುವಾಗ, ಮತ್ತು ನಿಮ್ಮ ಇಂಟರ್ನೆಟ್ ಕಂಪನಿಯು ವಿದೇಶದ ಸರ್ವರಿಗೆ ಸುತ್ತುದಾರಿಯಲ್ಲಿ ಕಳುಹಿಸುತ್ತಿರುವಾಗ. ಮೂರನೆಯದಕ್ಕೆ ಉದಾಹರಣೆ ಬೇಕಿದ್ದರೆ, 2025ರ ಸೆಪ್ಟೆಂಬರಿನಲ್ಲಿ ಜೆಡ್ಡಾ ಸಮೀಪ ಕೆಂಪು ಸಮುದ್ರದ ತಳದ ಕೇಬಲ್‌ಗಳು ತುಂಡಾಗಿ ಭಾರತದ ಸಂಪರ್ಕಕ್ಕೂ ತೊಂದರೆಯಾದದ್ದನ್ನು ನೆನೆಯಬಹುದು. ಅಂತಹ ಹೊತ್ತಿನಲ್ಲಿ ಬೇರೆ ದಾರಿ ಹಿಡಿಯುವ ವಿಪಿಎನ್ ನಿಜಕ್ಕೂ ಪಿಂಗ್ ಇಳಿಸಬಲ್ಲದು.

ಮನೆಯ ವೈಫೈ ದುರ್ಬಲವಾಗಿದ್ದರೆ ವಿಪಿಎನ್ ಏನೂ ಮಾಡಲಾರದು. ಮೊದಲು ರೂಟರಿನಿಂದ ಕಂಪ್ಯೂಟರಿಗೆ ಒಂದು ಲ್ಯಾನ್ ಕೇಬಲ್ ಎಳೆಯಿರಿ. ಈ ಲೇಖನ ಓದುತ್ತಿರುವ ಹಲವರ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ.

ಹಣ ಕಟ್ಟಿ ಆಡುವ ಆಟಗಳಿಗಾಗಿ ವಿಪಿಎನ್ ಹುಡುಕುತ್ತಿರುವವರಿಗೆ ಇಲ್ಲಿ ಸಲಹೆಯಿಲ್ಲ; ಅಂತಹ ಆಟಗಳನ್ನು ನಡೆಸುವುದನ್ನು 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ನಿಷೇಧಿಸಿದೆ. ಬೇರೆ ದೇಶದ ಕಡಿಮೆ ಬೆಲೆಗೆ ಆಟ ಕೊಳ್ಳಲು ವಿಪಿಎನ್ ಬಳಸುವುದನ್ನೂ ಬಿಡಿ. ಆಟ ಮಾರುವ ತಾಣವಾದ ಸ್ಟೀಮ್‌ನ ಗ್ರಾಹಕ ಒಪ್ಪಂದವು ಅದನ್ನು ಸ್ಪಷ್ಟವಾಗಿ ತಡೆದಿದ್ದು, ಹೋಗುವುದು ನಿಮ್ಮ ಐಡಿಯೇ.

ಹಂತ 2: ಆಟದ ಸರ್ವರ್ ಯಾವ ಊರಿನಲ್ಲಿದೆ ಎಂದು ತಿಳಿಯಿರಿ

ಇದಕ್ಕೆ ಐದು ನಿಮಿಷ ಸಾಕು. ಆಟದ ಸೆಟ್ಟಿಂಗ್‌ನಲ್ಲಿ ಪ್ರದೇಶ ಅಥವಾ ಸರ್ವರ್ ಎಂಬಲ್ಲಿ ನೋಡಿದರೆ ಸಾಮಾನ್ಯವಾಗಿ ಸಿಗುತ್ತದೆ. ವ್ಯಾಲೊರಂಟ್‌ಗೆ ಮುಂಬೈಯಲ್ಲಿ, ಕೌಂಟರ್ ಸ್ಟ್ರೈಕ್ 2ಕ್ಕೆ ಮುಂಬೈ ಮತ್ತು ಚೆನ್ನೈಯಲ್ಲಿ ಸರ್ವರ್‌ಗಳಿವೆ. ಭಾರತದಲ್ಲಿ ಸರ್ವರ್ ಇಲ್ಲದ ಆಟಗಳು ಹೆಚ್ಚಾಗಿ ನಮ್ಮನ್ನು ಸಿಂಗಪುರಕ್ಕೆ ಜೋಡಿಸುತ್ತವೆ.

ಹಂತ 3: ‘ಇಂಡಿಯಾ’ ಎಂಬ ಹೆಸರನ್ನು ನಂಬಬೇಡಿ

ಎಲ್ಲರೂ ಎಡವುವುದು ಇಲ್ಲಿ. ಆದ್ದರಿಂದ ಇದನ್ನು ನಿಧಾನವಾಗಿ ಓದಬೇಕು.

2022ರ ಏಪ್ರಿಲ್ 28ರಂದು ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆಯಾದ ಸರ್ಟ್-ಇನ್ ಒಂದು ನಿರ್ದೇಶನ ಹೊರಡಿಸಿತು. ಅದರ ಪ್ರಕಾರ ವಿಪಿಎನ್ ಕಂಪನಿಗಳು ಗ್ರಾಹಕರ ಖಚಿತಪಡಿಸಿದ ಹೆಸರು, ವಿಳಾಸ, ಸಂಪರ್ಕ ಸಂಖ್ಯೆ, ಅವರಿಗೆ ಕೊಟ್ಟ ಐಪಿ ವಿಳಾಸಗಳು, ಸೇವೆ ಪಡೆಯುವ ಉದ್ದೇಶ ಮುಂತಾದವನ್ನು, ಗ್ರಾಹಕರು ಸೇವೆ ಬಿಟ್ಟ ಮೇಲೂ ಕನಿಷ್ಠ 5 ವರ್ಷ ಇಟ್ಟುಕೊಳ್ಳಬೇಕು. ವಿಪಿಎನ್ ಬಳಸುವುದು ಇದರಿಂದ ಅಪರಾಧವಾಗಲಿಲ್ಲ. ಹೊರೆ ಬಿದ್ದದ್ದು ಸೇವೆ ಕೊಡುವವರ ಮೇಲೆ. ಯಾವ ದಾಖಲೆಯನ್ನೂ ಇಡುವುದಿಲ್ಲವೆಂದು ಮಾತು ಕೊಟ್ಟಿದ್ದ ಎಕ್ಸ್‌ಪ್ರೆಸ್‌ವಿಪಿಎನ್, ಸರ್ಫ್‌ಶಾರ್ಕ್, ನಾರ್ಡ್‌ವಿಪಿಎನ್, ಪ್ರೋಟಾನ್ ವಿಪಿಎನ್ ಮೊದಲಾದವು ಅದೇ ವರ್ಷ ಭಾರತದೊಳಗಿನ ತಮ್ಮ ಸರ್ವರ್‌ಗಳನ್ನು ತೆಗೆದುಬಿಟ್ಟವು.

ಹಾಗಿದ್ದರೂ ಇಂತಹ ಕೆಲವು ಆ್ಯಪ್‌ಗಳ ಪಟ್ಟಿಯಲ್ಲಿ ತ್ರಿವರ್ಣ ಧ್ವಜದ ಪಕ್ಕದಲ್ಲಿ ‘ಇಂಡಿಯಾ’ ಎಂದು ಕಾಣುತ್ತದೆ. ಅದು ವರ್ಚುವಲ್ ಸರ್ವರ್. ಅಂದರೆ ಐಪಿ ವಿಳಾಸ ಭಾರತದ್ದು, ಯಂತ್ರ ಇರುವುದು ಬಹುಮಟ್ಟಿಗೆ ಸಿಂಗಪುರದಲ್ಲಿ. ಸಿನಿಮಾ ನೋಡುವವನಿಗೆ ಇದರಿಂದ ತೊಂದರೆಯಿಲ್ಲ. ಆಟ ಆಡುವವನಿಗೆ ಮಾತ್ರ ಇದು ಬಳ್ಳಾರಿಯಿಂದ ಕುರುಗೋಡಿಗೆ ಹೋಗಬೇಕಾದವನು ಬೆಂಗಳೂರಿನ ಬಸ್ಸು ಹತ್ತಿ, ಅಲ್ಲಿಂದ ತಿರುಗಿ ಬಂದಂತೆ.

ಲೆಕ್ಕ ಹಾಕಿ ನೋಡೋಣ. ಫೈಬರ್ ಕೇಬಲ್ಲಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಬಳ್ಳಾರಿಯಿಂದ ಮುಂಬೈಗೆ ನೇರ ಅಂತರ ಸುಮಾರು 600 ಕಿಲೋಮೀಟರ್. ಹೋಗಿ ಬರಲು ಬೆಳಕಿಗೆ 6 ಮಿಲಿಸೆಕೆಂಡು ಸಾಕು. ನಡುವಿನ ಯಂತ್ರಗಳ ತಡವೆಲ್ಲ ಸೇರಿದರೂ ಆಟ ಸುಗಮವಾಗಿಯೇ ನಡೆಯುತ್ತದೆ. ಈಗ ಅದೇ ಮಾಹಿತಿ ಬಳ್ಳಾರಿಯಿಂದ ಚೆನ್ನೈಗೆ, ಚೆನ್ನೈಯಿಂದ ಸಮುದ್ರದ ತಳದಲ್ಲಿ ಸಿಂಗಪುರಕ್ಕೆ, ಸಿಂಗಪುರದಿಂದ ಮತ್ತೆ ಮುಂಬೈಗೆ ಹೋಗಿ ಅದೇ ದಾರಿಯಲ್ಲಿ ಮರಳಬೇಕೆಂದರೆ ಒಟ್ಟು ಓಟ 14,000 ಕಿಲೋಮೀಟರ್ ಮೀರುತ್ತದೆ. ಬೆಳಕಿಗೇ 70 ಮಿಲಿಸೆಕೆಂಡು ಬೇಕು. ಕೇಬಲ್‌ಗಳು ಗೆರೆ ಎಳೆದಂತೆ ನೇರವಾಗಿರುವುದಿಲ್ಲವಾದ್ದರಿಂದ ನಿಜವಾದ ಅಂಕಿ ಇನ್ನೂ ಮೇಲೆಯೇ ಇರುತ್ತದೆ. ಎಷ್ಟೇ ದುಬಾರಿ ವಿಪಿಎನ್ ಆದರೂ ಈ ದೂರವನ್ನು ಕಿರಿದು ಮಾಡಲಾರದು.

ಪರೀಕ್ಷಿಸುವ ಕ್ರಮ ಹೀಗಿದೆ. ಮೊದಲು ವಿಪಿಎನ್ ಇಲ್ಲದೆ ಆಟದ ಅಭ್ಯಾಸದ ಮೈದಾನಕ್ಕೆ ಹೋಗಿ, ಐದು ನಿಮಿಷ ಆಡಿ, ಪರದೆಯ ಮೇಲೆ ಕಾಣುವ ಪಿಂಗ್ ಅನ್ನು ಕಾಗದದ ಮೇಲೆ ಬರೆದುಕೊಳ್ಳಿ. ಸರಾಸರಿ ಮಾತ್ರವಲ್ಲ, ಅತಿ ಕಡಿಮೆ ಮತ್ತು ಅತಿ ಹೆಚ್ಚು ಎರಡನ್ನೂ ಬರೆಯಿರಿ. ಏಕೆಂದರೆ ಸ್ಥಿರವಾದ 80ರಲ್ಲಿ ಆಡಬಹುದು, 40ಕ್ಕೂ 140ಕ್ಕೂ ಜಿಗಿಯುವ ಪಿಂಗ್‌ನಲ್ಲಿ ಆಡಲಾಗದು. ಬಳಿಕ ವಿಪಿಎನ್ ಹಚ್ಚಿ, ಆಟವನ್ನು ಪೂರ್ತಿ ಮುಚ್ಚಿ ತೆರೆದು, ಮತ್ತೆ ಅಳೆಯಿರಿ. ಆಟ ನಡೆಯುತ್ತಿರುವಾಗಲೇ ವಿಪಿಎನ್ ಹಚ್ಚಿ ಅಂಕಿ ನೋಡುವುದರಿಂದ ಉಪಯೋಗವಿಲ್ಲ, ಏಕೆಂದರೆ ಸಂಪರ್ಕ ಕಡಿದು ಹೊಸದಾಗಿ ಕೂಡಿಕೊಳ್ಳುವಾಗ ಅಂಕಿಗಳು ದಾರಿ ತಪ್ಪಿಸುತ್ತವೆ. ಈ ಕೆಲಸವನ್ನು ಮಧ್ಯಾಹ್ನ ಒಮ್ಮೆ, ರಾತ್ರಿ 9 ಗಂಟೆಗೆ ಒಮ್ಮೆ, ಹೀಗೆ ಎರಡು ದಿನ ಮಾಡಿ. ಮಧ್ಯಾಹ್ನ ಬೀದಿಯಲ್ಲಿ ಜನರಿಲ್ಲದಂತೆ ನೆಟ್‌ನಲ್ಲೂ ಜನರಿರುವುದಿಲ್ಲ. ರಾತ್ರಿಯ ಅಂಕಿಯೇ ನಿಜವಾದ ಅಂಕಿ.

ಆ್ಯಪ್‌ನಲ್ಲಿ ‘ಇಂಡಿಯಾ’ ಎಂದಿರುವ ಸರ್ವರಿಗೇ ಪಿಂಗ್ 60 ದಾಟಿದರೆ ಅದು ಭಾರತದಲ್ಲಿ ಇಲ್ಲವೆಂದು ಬಲವಾಗಿ ಅನುಮಾನಿಸಿ, ಕಂಪನಿಯ ಜಾಲತಾಣದ ಸರ್ವರ್ ಪಟ್ಟಿಯಲ್ಲಿ ವರ್ಚುವಲ್ ಎಂಬ ಗುರುತಿದೆಯೇ ನೋಡಿ. 25-30 ಮಾತ್ರವಿದ್ದರೆ ಯಂತ್ರ ನಿಜಕ್ಕೂ ಇಲ್ಲೇ ಇದೆ. ಆಗ ಎರಡನೆಯ ಪ್ರಶ್ನೆ ಏಳುತ್ತದೆ: ಸರ್ಟ್-ಇನ್ ಹೇಳಿದಂತೆ ನನ್ನ ಹೆಸರು, ವಿಳಾಸಗಳನ್ನು 5 ವರ್ಷ ಇಡುತ್ತೀರಾ ಎಂದು ಕಂಪನಿಯನ್ನೇ ಪತ್ರ ಬರೆದು ಕೇಳಿ. ಉತ್ತರ ಬಾರದಿದ್ದರೆ ಅದನ್ನೇ ಉತ್ತರವೆಂದು ತಿಳಿಯಿರಿ.

ಹೀಗೆ ನಮ್ಮಲ್ಲಿ ಪಿಂಗ್ ಒಂದು ಕಡೆ, ಖಾಸಗಿತನ ಇನ್ನೊಂದು ಕಡೆ ಎಳೆಯುತ್ತವೆ. ನಾನು ಕಂಡುಕೊಂಡ ದಾರಿ ಎರಡು. ಆಟದ ಸರ್ವರ್ ಭಾರತದಲ್ಲಿದ್ದರೆ ಆಟವನ್ನು ವಿಪಿಎನ್‌ನಿಂದ ಹೊರಗಿಟ್ಟು, ಬ್ರೌಸರ್ ಮತ್ತು ಮಿಕ್ಕ ಆ್ಯಪ್‌ಗಳನ್ನು ಮಾತ್ರ ಒಳಗಿಡುವುದು. ಇದಕ್ಕೆ ಸ್ಪ್ಲಿಟ್ ಟನಲಿಂಗ್ ಎನ್ನುತ್ತಾರೆ. ಆಂಡ್ರಾಯ್ಡ್ ಮತ್ತು ವಿಂಡೋಸ್‌ನಲ್ಲಿ ಇದು ಸುಲಭ. ಐಫೋನಿನಲ್ಲಿ ಬಹುತೇಕ ವಿಪಿಎನ್‌ಗಳಿಗೆ ಈ ಸೌಲಭ್ಯವಿಲ್ಲ. ಆಟದ ಸರ್ವರ್ ಸಿಂಗಪುರದಲ್ಲಿದ್ದರೆ ವಿಪಿಎನ್‌ನಲ್ಲೂ ಸಿಂಗಪುರವನ್ನೇ ಆರಿಸಿ. ಹೇಗೂ ಅಲ್ಲಿಗೇ ಹೋಗಬೇಕಾದ್ದರಿಂದ ಹೆಚ್ಚುವರಿ ತಡ ಕೆಲವೇ ಮಿಲಿಸೆಕೆಂಡು.

ಹಂತ 4: ‘ದಾಖಲೆ ಇಡುವುದಿಲ್ಲ’ ಎಂಬ ಮಾತನ್ನು ತೂಗಿ ನೋಡಿ

ಈ ಮಾತನ್ನು ಹೇಳದ ವಿಪಿಎನ್ ಇಲ್ಲ. ಹೊರಗಿನ ಲೆಕ್ಕಪರಿಶೋಧಕರ ವರದಿಯನ್ನು ಪ್ರಕಟಿಸಿದ್ದಾರೆಯೇ ಎಂದು ನೋಡುವುದು ಒಂದು ಕ್ರಮ; ಪೊಲೀಸರು ಬಂದಾಗ ಏನಾಯಿತು ಎಂದು ನೋಡುವುದು ಅದಕ್ಕಿಂತ ಮೇಲು. 2023ರ ಏಪ್ರಿಲ್‌ನಲ್ಲಿ ಸ್ವೀಡನ್ನಿನ ಪೊಲೀಸರು ಶೋಧನಾ ವಾರಂಟಿನೊಡನೆ ಮುಲ್‌ವಾಡ್ ಎಂಬ ವಿಪಿಎನ್ ಕಂಪನಿಯ ಕಚೇರಿಗೆ ಹೋಗಿ, ಗ್ರಾಹಕರ ಮಾಹಿತಿಯೇ ಅಲ್ಲಿ ಇಲ್ಲವೆಂದು ತಿಳಿದು ಬರಿಗೈಯಲ್ಲಿ ಮರಳಿದರು. ಟರ್ಕಿಯಲ್ಲಿ ರಷ್ಯಾದ ರಾಯಭಾರಿಯ ಕೊಲೆಯ ತನಿಖೆಯ ವೇಳೆ ಎಕ್ಸ್‌ಪ್ರೆಸ್‌ವಿಪಿಎನ್‌ನ ಒಂದು ಸರ್ವರನ್ನು ವಶಪಡಿಸಿಕೊಂಡಾಗಲೂ ಉಪಯುಕ್ತ ದಾಖಲೆ ಸಿಗಲಿಲ್ಲ.

ಆದರೆ ಒಡೆತನವನ್ನೂ ನೋಡಬೇಕು. ಅದೇ ಎಕ್ಸ್‌ಪ್ರೆಸ್‌ವಿಪಿಎನ್ ಅನ್ನು 2021ರಲ್ಲಿ ಕೇಪ್ ಟೆಕ್ನಾಲಜೀಸ್ ಕೊಂಡಿತು. ಸೈಬರ್‌ಗೋಸ್ಟ್ ಮತ್ತು ಪ್ರೈವೇಟ್ ಇಂಟರ್ನೆಟ್ ಆ್ಯಕ್ಸೆಸ್ ಕೂಡ ಅದರದ್ದೇ. ಅದೇ ವರ್ಷ ಅದು ವಿಪಿಎನ್‌ಗಳ ವಿಮರ್ಶೆ ಪ್ರಕಟಿಸುವ ಜಾಲತಾಣಗಳ ಕಂಪನಿಯೊಂದನ್ನೂ ಕೊಂಡಿತು. ‘ಈ ವರ್ಷದ ಅತ್ಯುತ್ತಮ ಹತ್ತು ಗೇಮಿಂಗ್ ವಿಪಿಎನ್’ ಎಂಬ ಪಟ್ಟಿಗಳನ್ನು ನಾನು ಓದುವುದನ್ನೇ ಬಿಟ್ಟಿದ್ದೇನೆ. ಯೂಟ್ಯೂಬಿನಲ್ಲಿ ರಿಯಾಯಿತಿ ಕೂಪನ್ ಹಿಡಿದು ಮಾತಾಡುವವರ ಮಾತನ್ನೂ ಕೇಳುವುದಿಲ್ಲ.

ಉಚಿತ ವಿಪಿಎನ್‌ಗಳ ಬಗ್ಗೆ ಎರಡು ಮಾತು. ಫೇಸ್‌ಬುಕ್ ಕೈಯಲ್ಲಿದ್ದ ಒನಾವೊ ಎಂಬ ಉಚಿತ ವಿಪಿಎನ್, ಜನರು ಯಾವ ಆ್ಯಪ್ ಎಷ್ಟು ಬಳಸುತ್ತಾರೆಂಬ ಮಾಹಿತಿ ಕಲೆಹಾಕುತ್ತಿತ್ತೆಂಬ ಟೀಕೆಗೆ ಸಿಕ್ಕಿ 2019ರಲ್ಲಿ ಮುಚ್ಚಿತು. ಹೋಲಾ ಎಂಬುದು ಉಚಿತ ಬಳಕೆದಾರರ ಸಂಪರ್ಕವನ್ನೇ ಬೇರೆಯವರಿಗೆ ಮಾರುತ್ತಿದ್ದುದು 2015ರಲ್ಲಿ ಬಯಲಾಯಿತು. ಉಚಿತವೇ ಬೇಕೆಂದರೆ ಪ್ರೋಟಾನ್ ಒಂದೇ ನನ್ನ ಆಯ್ಕೆ. ಅದರಲ್ಲಿ ಡೇಟಾ ಮಿತಿಯಿಲ್ಲ, ಆದರೆ ಉಚಿತ ಯೋಜನೆಯಲ್ಲಿ ದೇಶವನ್ನು ನಾವು ಆರಿಸುವಂತಿಲ್ಲವಾದ್ದರಿಂದ ಅದು ಆಟಕ್ಕೆ ಒದಗುವುದಿಲ್ಲ. ಗೆಳೆಯರು ಹಂಚುವ ‘ಪ್ರೀಮಿಯಂ ಅನ್‌ಲಾಕ್’ ಎಪಿಕೆ ಫೈಲುಗಳನ್ನು ಫೋನಿಗೆ ಹಾಕಿಕೊಳ್ಳುವುದಂತೂ ಕಳ್ಳನ ಕೈಗೆ ಕೀಲಿ ಕೊಟ್ಟಂತೆ.

ಹಂತ 5: ಆ್ಯಪ್‌ನ ಸೆಟ್ಟಿಂಗ್‌ಗಳು

ಪ್ರೋಟೋಕಾಲ್ (ಮಾಹಿತಿ ಸಾಗಿಸುವ ವಿಧಾನ) ಎಂಬಲ್ಲಿ ವೈರ್‌ಗಾರ್ಡ್ ಆರಿಸಿ. ಅದು ಹಗುರವಾದದ್ದು, ಕಳೆದುಹೋದ ಮಾಹಿತಿಗಾಗಿ ಕಾಯದ ಯುಡಿಪಿ ಎಂಬ ಕ್ರಮದ ಮೇಲೆ ನಡೆಯುವಂಥದ್ದು. ಟಿಸಿಪಿ ಎಂಬ ಇನ್ನೊಂದು ಕ್ರಮದ ಮೇಲಿನ ಓಪನ್‌ವಿಪಿಎನ್ ಆಟಕ್ಕೆ ಸಲ್ಲದು, ಏಕೆಂದರೆ ಕಳೆದುಹೋದ ಒಂದು ಪ್ಯಾಕೆಟ್ (ಮಾಹಿತಿಯ ತುಣುಕು) ಮತ್ತೆ ಬರುವವರೆಗೆ ಅದರ ಹಿಂದೆ ಬಂದದ್ದೆಲ್ಲ ಸಾಲಿನಲ್ಲಿ ನಿಲ್ಲುತ್ತದೆ.

ಆಂಡ್ರಾಯ್ಡ್‌ನಲ್ಲಿ ಫೋನಿನ ವಿಪಿಎನ್ ಸೆಟ್ಟಿಂಗಿಗೇ ಹೋಗಿ, ವಿಪಿಎನ್ ಸದಾ ಚಾಲೂ ಇರಲಿ ಎಂಬುದನ್ನೂ ವಿಪಿಎನ್ ಇಲ್ಲದ ಸಂಪರ್ಕವನ್ನು ತಡೆ ಎಂಬುದನ್ನೂ ಒತ್ತಬಹುದು. ಆದರೆ ಎರಡನೆಯದನ್ನು ಒತ್ತಿದರೆ ವಿಪಿಎನ್‌ನಿಂದ ಹೊರಗಿಟ್ಟ ಆಟಕ್ಕೂ ನೆಟ್ ಸಿಗದೆ ಹೋಗುತ್ತದೆ. ಸ್ಪ್ಲಿಟ್ ಟನಲಿಂಗ್ ಬಳಸುವವರು ಅದನ್ನು ಮುಟ್ಟಬಾರದು.

ಜಿಯೋ ಸಿಮ್ ಇರುವವರು ಇನ್ನೊಂದನ್ನು ನೋಡಬೇಕು. ಆ ಜಾಲದಲ್ಲಿ ಫೋನಿಗೆ ಐಪಿವಿ6 (ಹೊಸ ಮಾದರಿಯ ಐಪಿ) ವಿಳಾಸವೂ ಇರುತ್ತದೆ. ವಿಪಿಎನ್ ಐಪಿವಿ4ನ್ನು ಮಾತ್ರ ಮುಚ್ಚಿ ಇದನ್ನು ತೆರೆದಿಟ್ಟರೆ ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಿಲ ಬಾಗಿಲು ತೆರೆದಿಟ್ಟಂತಾಗುತ್ತದೆ. ವಿಪಿಎನ್ ಹಚ್ಚಿದ ಮೇಲೆ ಐಪಿ ಸೋರಿಕೆ ಪರೀಕ್ಷಿಸುವ ಯಾವುದಾದರೂ ಜಾಲತಾಣ ತೆರೆದು, ಅಲ್ಲಿ ಜಿಯೋ ಹೆಸರು ಎಲ್ಲಿಯೂ ಕಾಣದಿರುವುದನ್ನು ಖಚಿತಪಡಿಸಿಕೊಳ್ಳಿ.

ಲಾಗಿನ್ ಆಗಿಯೂ ಪಂದ್ಯ ಲೋಡ್ ಆಗದೆ ನಿಂತರೆ, ಎಂಟಿಯು (ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರ) ಎಂಬ ಅಂಕಿಯನ್ನು 1280ಕ್ಕೆ ಇಳಿಸಿ ನೋಡಿ.

ಹಂತ 6: ಹಣ ಕಟ್ಟುವುದು

ಒಂದು ತಿಂಗಳಿಗೆ ಮಾತ್ರ ಕಟ್ಟಿ. ಮೂರು ವರ್ಷಕ್ಕೆ ಶೇ 80 ರಿಯಾಯಿತಿ ಎಂಬ ಗಡಿಯಾರ ಪರದೆಯ ಮೇಲೆ ಓಡುತ್ತಿರುತ್ತದೆ. ಮರುದಿನ ಹೋದರೂ ಅದೇ ಗಡಿಯಾರ ಓಡುತ್ತಿರುತ್ತದೆ. ನಾನೂ ಒಮ್ಮೆ ಅದಕ್ಕೆ ಮರುಳಾಗಿ, ಹಣ ವಾಪಸು ಕೇಳಲು ಹೋಗಿ ಹನ್ನೊಂದು ಮಿಂಚಂಚೆ ಬರೆದವನು.

ನನ್ನ ಆಯ್ಕೆ ಮುಲ್‌ವಾಡ್. ತಿಂಗಳಿಗೆ 5 ಯೂರೋ, ಅಂದರೆ ಸುಮಾರು 500 ರೂಪಾಯಿ. ಈ ದರ 2009ರಿಂದ ಬದಲಾಗಿಲ್ಲ, ವರ್ಷಕ್ಕೆ ಕಟ್ಟಿದರೂ ರಿಯಾಯಿತಿಯಿಲ್ಲ. ಮಿಂಚಂಚೆ, ಹೆಸರು, ಫೋನ್ ಸಂಖ್ಯೆ ಯಾವುದನ್ನೂ ಕೇಳದೆ 16 ಅಂಕಿಗಳ ಒಂದು ಖಾತೆ ಸಂಖ್ಯೆಯನ್ನು ಕೊಡುತ್ತಾರೆ. ಕಾರ್ಡಿನಿಂದ ಕಟ್ಟುವುದಾದರೆ ಬ್ಯಾಂಕಿನ ಆ್ಯಪ್‌ನಲ್ಲಿ ಮೊದಲು ಅಂತರರಾಷ್ಟ್ರೀಯ ಬಳಕೆಯನ್ನು ಚಾಲೂ ಮಾಡಿ, ಹಣ ಹೋದ ಮೇಲೆ ಮತ್ತೆ ಬಂದ್ ಮಾಡಿ. ಆ 16 ಅಂಕಿಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ನಿಮ್ಮ ಗುರುತೇ ಅವರ ಬಳಿ ಇಲ್ಲದ್ದರಿಂದ, ಸಂಖ್ಯೆ ಮರೆತವರಿಗೆ ಪಾಸ್‌ವರ್ಡಿನಂತೆ ಮರಳಿ ಕಳುಹಿಸಲು ಅವರಿಗೆ ವಿಳಾಸವೂ ಇರುವುದಿಲ್ಲ.