ಹೆಜ್ಜಿ ಸಪ್ಪಳ ಎತ್ಲಾಗಿಂದ ಬಂತು: ಗೇಮಿಂಗ್ ಹೆಡ್‌ಫೋನ್ ಹುಡುಕಿದ ನನ್ನ ಅನುಭವ

ನಾನು ಹುಬ್ಬಳ್ಳಿಯಂವ, ಪುಣೆಕ್ಕ ಬಂದು ಆರು ವರ್ಷ ಆತು. ಕರ್ವೇನಗರದಾಗ ಮೂರು ಮಂದಿ ಸೇರಿ ಒಂದು ಫ್ಲ್ಯಾಟ್ ಹಿಡದೀವಿ, ಒಬ್ಬಾಂವ ಅಕ್ಕಲಕೋಟ ಕಡೆಯಂವ, ಇನ್ನೊಬ್ಬಾಂವ ಕುಂದಾಪುರದಾಂವ, ಮನ್ಯಾಗ ಮೂರು ನಮೂನಿ ಕನ್ನಡ, ಹೊರಗ ಕಾಲಿಟ್ರ ಮರಾಠಿ. ರಾತ್ರಿ ಊಟ ಆದ ಮ್ಯಾಲ ಕೌಂಟರ್ ಸ್ಟ್ರೈಕ್ ಅನ್ನೂ ಗನ್ ಹಿಡದು ಆಡೂ ಗೇಮ್ ಹಚ್ಚಿ ಕುಂದರ್ತೀವಿ. ಸರ್ವರ್ ಮುಂಬೈದಾಗ ಐತಿ, ಪುಣೆದವ್ರಿಗೆ ಅದು ಮಗ್ಗಲ ಮನಿ ಇದ್ದಂಗ, ಹಿಂಗಾಗಿ ಸತ್ತಾಗ ಪಿಂಗ್ (ಸರ್ವರ್ ತನಕ ಹೋಗಿ ಬರೂ ತಡ) ಮ್ಯಾಲ ಹಾಕಾಕ ಬರಂಗಿಲ್ಲ. ನಾನಂತೂ ಸಾಯ್ತಿದ್ದದ್ದು ಒಂದ ನಮೂನಿ, ಹಿಂದಿಂದ. ಹೆಜ್ಜಿ ಸಪ್ಪಳ ಕೇಳ್ತಿತ್ತು, ಕೇಳಲಾರದಂಗೇನ ಇರ್ಲಿಲ್ಲ, ಆದ್ರ ಮುಂದಿಂದ ಬರಾಕತ್ತಾನ ಅಂತ ನಾ ಬಾಗಲ ಕಡೆ ಗನ್ ಹಿಡಕೊಂಡು ನಿಂತಿರ್ತಿದ್ದೆ, ಆ ಮಗ ಬೆನ್ನ ಹಿಂದ ಬಂದು ಚಾಕು ಹಾಕಿ ಹೋಗ್ತಿದ್ದ. "ಹೋಯ್, ಹಿಂದ್ ಇದ್ದ ಮಾರಾಯಾ" ಅಂತ ಕುಂದಾಪುರದಾಂವ ಹೇಳೂದ್ರಾಗ ನಾ ಸತ್ತು ಅವನ ಸ್ಕ್ರೀನ್ ನೋಡಾಕತ್ತಿರ್ತಿದ್ದೆ.

ಆವಾಗ ನನ್ನ ಹತ್ರ ಇದ್ದದ್ದು ಬುಧವಾರ ಪೇಠದ ತಾಪ್ಕೀರ್ ಗಲ್ಲಿಯೊಳಗ ತೊಗೊಂಡ ಒಂದು ಹೆಡ್‌ಸೆಟ್. ಹೆಸರು ಬ್ಯಾಡ ಬಿಡ್ರಿ. ಅಂಗಡಿಯಾಂವ "ಘ್ಯಾ ನಾ ದಾದಾ, ಸೆವೆನ್ ಪಾಯಿಂಟ್ ವನ್ ಆಹೇ" ಅಂದ, ಡಬ್ಬಿ ಮ್ಯಾಲೂ ದೊಡ್ಡದಾಗಿ 7.1 ಅಂತ ಬರದಿತ್ತು, ಕಿವಿ ಮ್ಯಾಲ ಮದವಿ ಮನಿ ಸೀರಿಯಲ್ ಸೆಟ್ ಇದ್ದಂಗ ಲೈಟು ಬ್ಯಾರೆ. ಏಳು ಕಡೆಯಿಂದ ಸೌಂಡ್ ಬರ್ತೈತಿ ಅಂದ್ರ ಯಾರಿಗೆ ಬ್ಯಾಡ? ಮನಿಗೆ ಬಂದು ಹಚ್ಚಿದ್ರ ಗುಂಡು ಹಾರ್ಸಿದ್ದು, ಬಾಂಬ್ ಬಿದ್ದದ್ದು ಎಲ್ಲಾ ಕಲ್ಯಾಣ ಮಂಟಪದಾಗ ಮೈಕ್ ಇಟ್ಟಂಗ ಗುಂಯ್ ಅಂತಿತ್ತು, ನಾ ಅದನ್ನ ಭಾರಿ ಸೌಂಡ್ ಅಂತ ತಿಳ್ಕೊಂಡು ಎಂಟು ತಿಂಗಳು ಆಡಿದೆ.

ಆಮ್ಯಾಲ ಒಂದು ಸಲ ಪವರ್ ಹೋಗಿ ಬಂದಾಗ ಅದರ ಸಾಫ್ಟ್‌ವೇರ್ ಶುರು ಆಗಲಿಲ್ಲ, 7.1 ಆಫ್ ಆಗಿ ಬರೇ ಸ್ಟೀರಿಯೋ ಉಳೀತು. ಅವತ್ತು ನಾ ಎರಡು ಸಲ ಹಿಂದ ತಿರುಗಿ ಹೊಡದೆ. ಏನೋ ಲಕ್ ಅಂದ್ಕೊಂಡೆ. ಮರುದಿನ ಸಾಫ್ಟ್‌ವೇರ್ ಸರಿ ಮಾಡಿದೆ, ಮತ್ತ ಬೆನ್ನಿಗೆ ಚಾಕು. ಅವಾಗ ತಲಿ ಕೆಟ್ಟು ಇದರ ಹಿಂದ ಬಿದ್ದೆ.

ವಿಷಯ ಹಿಂಗೈತಿ. ನಮಗಿರೂವು ಎರಡ ಕಿವಿ. ಬಲಕ್ಕ ಸಪ್ಪಳ ಆದ್ರ ಬಲಗಿವಿಗೆ ಮೊದಲು ಮುಟ್ತೈತಿ, ಎಡಗಿವಿಗೆ ಒಂಚೂರು ತಡ, ಆ ತಡ ಹೆಚ್ಚಂದ್ರ ಸೆಕೆಂಡಿನ ಸಾವಿರದ ಒಂದು ಪಾಲಿನೊಳಗ ಮುಕ್ಕಾಲೂ ಇರಂಗಿಲ್ಲ, 0.6 ಇಲ್ಲಾ 0.7 ಮಿಲಿಸೆಕೆಂಡ್, ಅಷ್ಟನ್ನ ಮೆದುಳು ಹಿಡೀತೈತಿ. ಜೊತಿಗೆ ತಲಿ ಅಡ್ಡ ಇರೋದಕ್ಕ ಆ ಕಡೆ ಕಿವಿಗೆ ಸೌಂಡ್ ಕಮ್ಮಿ ಬರ್ತೈತಿ, ಅದ್ರಾಗೂ ಸಣ್ಣ ಚೂಪು ಸ್ವರ ಜಾಸ್ತಿ ಕಮ್ಮಿ ಆಗ್ತಾವ. ದಪ್ಪ ಸ್ವರಕ್ಕ ಟೈಮು, ಚೂಪು ಸ್ವರಕ್ಕ ಜೋರು, ಹಿಂಗ ಎರಡು ಲೆಕ್ಕ ಕೂಡಿ ದಿಕ್ಕು ಗೊತ್ತಾಗ್ತೈತಿ ಅಂತ 1907ರಾಗ ಲಾರ್ಡ್ ರೇಲೀ ಬರದಿಟ್ಟಾನ. ಆದ್ರ ಕರೆಕ್ಟ್ ಮುಂದ ಒಬ್ಬ, ಕರೆಕ್ಟ್ ಹಿಂದ ಒಬ್ಬ ನಿಂತ್ರ? ಎರಡೂ ಕಿವಿಗೆ ಒಂದ ಟೈಮಿಗೆ, ಒಂದ ಜೋರಿಂದ ಬರ್ತೈತಿ, ಎರಡೂ ಲೆಕ್ಕ ಅಲ್ಲಿ ಕೈ ಎತ್ತತಾವ. ಅಲ್ಲಿ ಕೆಲಸಾ ಮಾಡೋದು ಕಿವಿ ಹಾಲಿ. ಅದರ ಮಡಚು, ತಿರುವು, ಚೂಪು ಸ್ವರಗಳನ್ನ ದಿಕ್ಕಿನ ಪ್ರಕಾರ ಬ್ಯಾರೆ ಬ್ಯಾರೆ ನಮೂನಿ ತಿದ್ದಿ ಒಳಗ ಕಳಸ್ತೈತಿ, ಮುಂದ ಹಿಂದ ಮ್ಯಾಲ ಕೆಳಗ ಗೊತ್ತಾಗೋದು ಬಹಳಷ್ಟು ಅದರಿಂದ. ಈ ಎಲ್ಲಾ ತಿದ್ದುಪಡಿ ಕೂಡಿಸಿದ ಲೆಕ್ಕಕ್ಕ ಎಚ್‌ಆರ್‌ಟಿಎಫ್ ಅಂತಾರ.

ನನ್ನ ತಪ್ಪು ಇಲ್ಲೇ ಇತ್ತು. ಈ ತಿದ್ದುಪಡಿ ಗೇಮ್ ತಾನ ಮಾಡ್ತೈತಿ. ಕೌಂಟರ್ ಸ್ಟ್ರೈಕ್ ಗ್ಲೋಬಲ್ ಅಫೆನ್ಸಿವ್‌ದಾಗ 2016ರಾಗ ಬಂತು, ವ್ಯಾಲೊರಂಟ್ ಅನ್ನೂ ಇಂಥದ್ದ ಇನ್ನೊಂದು ಗೇಮಿನ್ಯಾಗ 2021ರಾಗ, ಈಗಿನ ಕೌಂಟರ್ ಸ್ಟ್ರೈಕ್ 2ರಾಗಂತೂ ಹುಟ್ಟಿನಿಂದ ಐತಿ. ಅದು ಎರಡ ಕಿವಿಗೆ ಅಂತ ತಯಾರ ಮಾಡಿದ ಸ್ಟೀರಿಯೋ ಕೊಡ್ತೈತಿ. ಅದರ ಮ್ಯಾಲ ನನ್ನ ಹೆಡ್‌ಸೆಟ್ಟಿನ 7.1 ತಂದ ಇನ್ನೊಂದು ತಿದ್ದುಪಡಿ ಹಾಕಿ, ನಡುವ ಗುಂಯ್ ಅನ್ನೂ ಪ್ರತಿಧ್ವನಿ ಸೇರ್ಸಿ ಕೊಡ್ತಿತ್ತು. ಅಂವ ಸೋಸಿ ಕೊಟ್ಟ ಚಾದಾಗ ಮತ್ತ ಚಾಪುಡಿ ಹಾಕಿ ಕುದಿಸಿದಂಗ. ಅಷ್ಟಕ್ಕೂ ಹೆಡ್‌ಸೆಟ್ಟಿನ ಒಳಗ ಏಳು ಸ್ಪೀಕರ್ ಏನ ಇರ್ಲಿಲ್ಲ, ಕಿವಿಗೊಂದು, ಒಟ್ಟು ಎರಡ.

ನಂಬಾಕ ಆಗಲಿಲ್ಲ ಅಂತ ನಾವೊಂದು ಕಣ್ಣಾಮುಚ್ಚಾಲೆ ಆಟ ಹೂಡಿದ್ವಿ. ಪ್ರೈವೇಟ್ ಮ್ಯಾಚ್ ಮಾಡಿ ಮಿರಾಜ್ ಮ್ಯಾಪಿನ್ಯಾಗ ನಾ ಬಯಲಿನ ನಡುವ ನಿಂತು ಖರೇನ ಕಣ್ಣು ಮುಚ್ಕೊಳ್ಳೋದು, ಅಕ್ಕಲಕೋಟದಾಂವ ಎಲ್ಲೋ ಒಂದು ಕಡೆಯಿಂದ ನಾಲ್ಕು ಹೆಜ್ಜಿ ಓಡಿ ನಿಲ್ಲೋದು, ನಾ ಕಣ್ಣು ಮುಚ್ಚೇ ಮೌಸ್ ತಿರುಗಿಸಿ ಆ ದಿಕ್ಕಿಗೆ ಗುರಿ ಹಿಡಿಯೋದು, ಆಮ್ಯಾಲ ಕಣ್ಣು ತಗದು ಗುರಿ ಅವನ ಮ್ಯಾಲ ಐತೋ ಅವನಿಂದ ಎಷ್ಟು ದೂರ ಐತೋ ನೋಡೋದು. 7.1 ಹಚ್ಚಿದಾಗ ಎಡಬಲ ಸರಿ ಬರ್ತಿತ್ತು, ಮುಂದ ಹಿಂದ ಅಂತೂ ನಾಣ್ಯ ಚಿಮ್ಮಿದಂಗ, ಅರ್ಧಕ್ಕರ್ಧ ಉಲ್ಟಾ. ಆಫ್ ಮಾಡಿದ ಮ್ಯಾಲ ಉಲ್ಟಾ ಆಗೋದು ಕಣ್ಣಿಗೆ ಕಾಣೂವಷ್ಟು ಕಮ್ಮಿ ಆತು, ಪೂರ್ತಿ ಹೋಗಲಿಲ್ಲ. ಹೆಡ್‌ಫೋನ್ ಕೊಳ್ಳೂಕ ಮೊದಲ ಯಾರಾದ್ರೂ ನನ್ನ ಕೇಳಿದ್ರ ಇದೊಂದ ಹೇಳ್ತೀನಿ, ಇದ್ದದ್ದ್ರಾಗ ಮೊದಲು ಈ ಆಟ ಆಡಿ ನೋಡು, ರೊಕ್ಕ ಆಮ್ಯಾಲ.

ಇದ ಹೊತ್ತಿನ್ಯಾಗ ವಿಂಡೋಸ್ ಸೆಟಿಂಗ್‌ನೂ ಸ್ವಚ್ಛ ಮಾಡಿದೆ. ಸ್ಪೇಷಿಯಲ್ ಸೌಂಡ್ (7.1 ಇದ್ದಂಗ ಇನ್ನೊಂದು ತಿದ್ದುಪಡಿ) ಆಫ್. ಮೋನೋ ಆಡಿಯೋ ಅಂತ ಒಂದು ಗುಂಡಿ ಇರ್ತೈತಿ, ಅದು ಆನ್ ಇದ್ರ ಎರಡೂ ಕಿವಿಗೆ ಒಂದ ಸೌಂಡ್, ದಿಕ್ಕಿನ ಕಥಿ ಅಲ್ಲಿಗೇ ಮುಗೀತು, ಅದನ್ನೂ ಒಮ್ಮಿ ನೋಡ್ಕೋಬೇಕು. ಲೌಡ್‌ನೆಸ್ ಈಕ್ವಲೈಸೇಷನ್ ಬಗ್ಗೆ ನಮ್ಮ ಮನ್ಯಾಗ ಇನ್ನೂ ಜಗಳ ಐತಿ. ಅದು ಸಣ್ಣ ಸಪ್ಪಳ ಎತ್ತಿ ಜೋರ ಮಾಡ್ತೈತಿ, ಹೆಜ್ಜಿ ಚೊಲೋ ಕೇಳ್ತಾವ ಅಂತ ಅಕ್ಕಲಕೋಟದಾಂವ ಬಿಡಂಗಿಲ್ಲ. ನಾ ಹೇಳೂದು, ದೂರ ಇದ್ದಾಂವ ಸಣ್ಣಗ, ಹತ್ರ ಇದ್ದಾಂವ ಜೋರಾಗಿ ಕೇಳ್ಬೇಕಲೇ, ಎಲ್ಲಾ ಒಂದ ಜೋರಾದ್ರ ಅಂವ ಮೂಲಿ ಹಿಂದ ಅದಾನೋ ಮ್ಯಾಪಿನ ಆ ತುದಿಗೆ ಅದಾನೋ ಹೆಂಗ ಗೊತ್ತಾಗ್ಬೇಕು? ಗೇಮಿನ ಒಳಗ ಈಕ್ಯೂ ಪ್ರೊಫೈಲ್ (ದಪ್ಪ ಚೂಪು ಸ್ವರ ಹೆಚ್ಚು ಕಮ್ಮಿ ಮಾಡೂ ಸೆಟಿಂಗ್) ಕ್ರಿಸ್ಪ್ ಇಟ್ಟೀನಿ, ಅದು ನನ್ನ ಕಿವಿಗೆ ಹಿಡಸ್ತು ಅಷ್ಟ.

ಸೆಟಿಂಗ್ ಸರಿ ಆದ ಮ್ಯಾಲ ಹಳೆ ಹೆಡ್‌ಸೆಟ್ಟಿನ ಇನ್ನೊಂದು ರೋಗ ಕಾಣ್ತು, ಬೇಸ್ ವಿಪರೀತ. ಬಾಂಬ್ ಬಿದ್ದಾಗ ಎದಿ ನಡಗ್ತೈತಿ ಖರೆ, ಆದ್ರ ದಪ್ಪ ಸ್ವರ ಜೋರಿದ್ರ ಅದರ ಮ್ಯಾಲಿನ ಸಣ್ಣ ಸ್ವರಗಳನ್ನ ನುಂಗ್ತೈತಿ, ಮತ್ತ ಮುಂದ ಹಿಂದ ಹೇಳೂ ಸುಳಿವು ಇರೋದ ಆ ಚೂಪು ಸ್ವರದಾಗ.

ಓದಿ ಓದಿ ಓಪನ್ ಬ್ಯಾಕ್, ಅಂದ್ರ ಹಿಂಬದಿ ತೆರದಿರೂ ಹೆಡ್‌ಫೋನಿನ ಹುಚ್ಚು ಹತ್ತಿತು. ಆಫೀಸಿನ ಒಬ್ರ ಹತ್ರ ಬೇಯರ್‌ಡೈನಮಿಕ್ ಡಿಟಿ 990 ಪ್ರೊ ಇತ್ತು, 250 ಓಮ್‌ದು (ಓಮ್ ಅಂದ್ರ ಕರೆಂಟಿಗೆ ಅದು ಒಡ್ಡೂ ತಡಿ), ಇಸ್ಕೊಂಡು ಬಂದು ನನ್ನ ಲ್ಯಾಪ್‌ಟಾಪಿಗೆ ಸಿಗ್ಸಿದ್ರ ವಾಲ್ಯೂಮ್ ಪೂರ್ತಿ ಏರ್ಸಿದ್ರೂ ಹಳೆ ಹೆಡ್‌ಸೆಟ್ಟಿನ ಅರ್ಧ ಜೋರಿಲ್ಲ, ಅದಕ್ಕ ಆಂಪ್ (ಸೌಂಡಿಗೆ ಬಲ ಕೊಡೂ ಪೆಟ್ಟಿಗಿ) ಬೇಕು. ಅಷ್ಟ ಜೋರಿನ್ಯಾಗೂ ಚೂಪು ಸ್ವರ ಕಿವಿ ಚುಚ್ಚಿದಂಗ ಅನಿಸ್ತು, ಎರಡು ಮ್ಯಾಚಿಗೆ ತಲಿ ಹಿಡೀತು. ಕಡೀಕ ಸೆನ್‌ಹೈಸರ್ ಎಚ್‌ಡಿ 560ಎಸ್ ತೊಗೊಂಡೆ, 120 ಓಮ್, ಆಂಪ್ ಇಲ್ದ ನನ್ನ ಲ್ಯಾಪ್‌ಟಾಪಿನ್ಯಾಗ ಸಾಕಷ್ಟು ಜೋರು ಬರ್ತೈತಿ. ದೀಪಾವಳಿ ಬೋನಸ್ ಅರ್ಧ ಅದಕ್ಕ ಹೋತು, ಅವ್ವಗ ಇನ್ನೂ ಖರೆ ರೇಟ್ ಹೇಳಿಲ್ಲ.

ಮೊದಲನೇ ರಾತ್ರಿ ಮಾತ್ರ ಮರಿಯಾಕ ಆಗಂಗಿಲ್ಲ. ಕಣ್ಣು ಮುಚ್ಚಿ ಆಡಿದ ಆಟದಾಗ ಗುರಿ ಅವನ ಹೆಗಲಿಗೆ ಬಂದು ನಿಂತಿತ್ತು. ಕಿವಿಗೆ ಏನೋ ಒತ್ತಿಟ್ಟಂಗ ಇಲ್ಲ, ಸೌಂಡ್ ತಲಿ ಒಳಗ ಕುಂತಂಗಿಲ್ಲ, ಹೊರಗ ಕೋಣ್ಯಾಗ ಯಾರೋ ಅಡ್ಡಾಡಿದಂಗ. ನಾ ಹಿಂದ ಹೊಳ್ಳಿ ಖರೇನ ಬಾಗಲಾ ನೋಡಿದೆ.

ಆದ್ರ ಓಪನ್ ಬ್ಯಾಕ್ ಅಂದ್ರ ಹೆಸರೇ ಹೇಳಿದಂಗ ಹಿಂದ ಜಾಳಗಿ, ಒಳಗಿಂದು ಹೊರಗ ಹೋಗ್ತೈತಿ, ಹೊರಗಿಂದು ಒಳಗ ಬರ್ತೈತಿ. ನಮ್ಮ ಫ್ಯಾನು ಮೂರರ ಮ್ಯಾಲ ಇಟ್ರ ಕಟಕಟ ಅಂತೈತಿ, ಎಪ್ರಿಲ್‌ದಾಗ ಬಂದ್ ಮಾಡಾಕ ಆಗಂಗಿಲ್ಲ. ಕುಂದಾಪುರದಾಂವ ಮಗ್ಗಲದ ಮಂಚದ ಮ್ಯಾಲ ಕುಂತು ಮನಿಗೆ ಫೋನ್ ಹಚ್ಚಿದ್ರ ಅವರ ಊರಿನ ಮೀನಿನ ರೇಟು ನಂಗೆಲ್ಲಾ ಗೊತ್ತಾಗೋದು. ಇದನ್ನೆಲ್ಲಾ ತಡಕೊಂಡೆ. ಜುಲೈ ಬಂತು ನೋಡ್ರಿ, ಗಣಪತಿ ಇನ್ನೂ ದೂರ ಇದ್ದಾಗ್ಲೇ ಮ್ಹಾತ್ರೆ ಪುಲ್ ಕಡೆ ನದಿ ದಂಡಿಗೆ ಢೋಲ್ ತಾಶಾ ಪಥಕದವ್ರ ಪ್ರಾಕ್ಟೀಸ್ ಶುರು. ಪುಣೆದಾಗ ಇದ್ದವ್ರಿಗೆ ಗೊತ್ತು ಅದು ಏನಂತ, ಸಂಜಿ ಆತಂದ್ರ ಗಾಳಿ ಈ ಕಡೆ ಬೀಸಿದಾಗ ಕಿಡಕಿ ಗ್ಲಾಸ್ ಧಡಧಡ ಅಂತಾವ. ನಂಗ ಢೋಲ್ ಬಾರ್ಸೋದು ಭಾಳ ಸೇರ್ತೈತಿ, ಲಕ್ಷ್ಮೀ ರೋಡಿಗೆ ನಿಂತು ನೋಡಾಕ ಪ್ರತಿ ವರ್ಷ ಹೋಗ್ತೀನಿ, ಆದ್ರ ಅದು ಎಚ್‌ಡಿ 560ಎಸ್ ಒಳಗ ಹೊಕ್ರ ಯಾವ ಹೆಜ್ಜಿನೂ ಇಲ್ಲ ಏನೂ ಇಲ್ಲ.

ಕ್ಲೋಸ್ಡ್ ಬ್ಯಾಕೂ ನೋಡಿದೆ, ಎರಡು ದಿನ ಒಬ್ರ ಹತ್ರ ಇಸ್ಕೊಂಡು. ನಾ ಚಾಳೀಸು ಹಾಕ್ತೀನಿ, ಅದರ ಕಡ್ಡಿ ಕುಶನ್ ಕೆಳಗ ಸಂದು ಮಾಡ್ತೈತಿ, ಅಲ್ಲಿಂದ ಬೇಸ್ ಸೋರ್ತೈತಿ, ಒಂದು ಕಡೆ ಹೆಚ್ಚು ಸೋರಿದ್ರ ಎಡಬಲ ತೂಕ ತಪ್ತೈತಿ. ಮ್ಯಾಲ ಬೆವರು. ಬ್ಯಾಡಂದೆ.

ಆಮ್ಯಾಲ ಎರಡು ಸಾವಿರದ ಒಳಗಿನ ಒಂದು ಇನ್‌ಇಯರ್ (ಕಿವಿ ತೂತಿನೊಳಗ ಕುಂದರೂವಂಥದ್ದು) ತೊಗೊಂಡೆ, ಮೂನ್‌ಡ್ರಾಪ್ ಚೂ, ವಾಯರ್‌ದ್ದು. ಖರೆ ಹೇಳ್ಬೇಕಂದ್ರ ಮನಸಿಲ್ದ ತೊಗೊಂಡೆ, ಅಷ್ಟು ರೊಕ್ಕ ಹಾಕಿದ ಮ್ಯಾಲ ಇಷ್ಟು ಸಣ್ಣದಕ್ಕ ಬಂದು ನಿಲ್ಲೋದಂದ್ರ ಹೆಂಗೋ ಅನಿಸ್ತಿತ್ತು. ಮೊದಲನೇ ದಿನ ದಿಕ್ಕ ಸಿಗಲಿಲ್ಲ, ಎಡಗಡೆ ಸಣ್ಣಗ ಕೇಳ್ತಿತ್ತು, ಡಿಫೆಕ್ಟ್ ಪೀಸ್ ಅಂತ ಬೈಕೊಂಡೆ. ಪೀಸ್ ಸರಿ ಇತ್ತು, ನನ್ನ ಎಡಗಿವಿ ತೂತು ಬಲಗಡೆಕ್ಕಿಂತ ಸ್ವಲ್ಪ ದೊಡ್ಡದು, ಡಬ್ಬಿಯೊಳಗಿನ ದೊಡ್ಡ ರಬ್ಬರ್ ಎಡಕ್ಕ, ನಡುವಿಂದು ಬಲಕ್ಕ ಹಾಕಿದ ಕೂಡ್ಲೆ ಎರಡೂ ಸಮ ಆದ್ವು. ಇನ್‌ಇಯರ್ ಕೊಂಡವ್ರು ಬಹಳ ಮಂದಿ ಈ ರಬ್ಬರ್ ಬದ್ಲಿ ಮಾಡದ ಬೈತಾರ. ಕಣ್ಣು ಮುಚ್ಚಿ ಆಡಿದ ಆಟದಾಗ 560ಎಸ್‌ಗೂ ಇದಕ್ಕೂ ಗುರಿಯೊಳಗ ಭಾಳ ಫರಕ್ ಬರಲಿಲ್ಲ. ಆ ಹೊರಗ ಕೋಣ್ಯಾಗ ಅಡ್ಡಾಡಿದಂಗ ಅನ್ನೂ ಮಜಾ ಇದ್ರಾಗಿಲ್ಲ, ಸೌಂಡ್ ತಲಿಗೆ ಅಂಟಿಕೊಂಡಂಗ ಇರ್ತೈತಿ, ಆದ್ರ ದಿಕ್ಕು ತಪ್ಪಂಗಿಲ್ಲ, ಢೋಲ್ ಮುಕ್ಕಾಲು ಹೊರಗ ಉಳೀತೈತಿ. ಮಾತಾಡಾಕ ಕಾಲರಿಗೆ ಸಿಗಸೂ ಮೈಕ್ ಬ್ಯಾರೆ ತಂದೆ.

ಬ್ಲೂಟೂತ್ ಬಗ್ಗೆ ಎರಡು ಮಾತು, ಯಾಕಂದ್ರ ಅಕ್ಕಲಕೋಟದಾಂವ ಮೊಬೈಲಿನ್ಯಾಗ ಬಿಜಿಎಂಐ ಗೇಮ್ ಆಡ್ತಿದ್ದ ಇಯರ್‌ಬಡ್ಸ್‌ನ ಇಲ್ಲೂ ಹಾಕಿ "ಏನ ಫರಕ್ ಬೀಳ್ತೈತಿ ದೋಸ್ತಾ" ಅಂತ ಕುಂತಿದ್ದ. ಸಾದಾ ಬ್ಲೂಟೂತ್‌ದಾಗ 0.2 ಸೆಕೆಂಡ್ ಹತ್ರ ತಡ ಆಗೋದು ಮಾಮೂಲಿ. ಚಾಕು ಹಿಡಕೊಂಡು ಓಡೂ ಮನಷ್ಯಾ ಈ ಗೇಮಿನ್ಯಾಗ ಸೆಕೆಂಡಿಗೆ 250 ಯೂನಿಟ್ ಹೋಗ್ತಾನ, ಅಂದ್ರ ಸಪ್ಪಳ ನಿನ್ನ ಕಿವಿಗೆ ಬರೂದ್ರಾಗ ಅಂವ 50 ಯೂನಿಟ್ ಮುಂದ, ಅವನ ಮೈಯಗಲ 32 ಯೂನಿಟ್. ಅದಕ್ಕಿಂತ ದೊಡ್ಡ ಪೆಟ್ಟು ಇನ್ನೊಂದೈತಿ. ಅದರ ಮೈಕ್ ಚಾಲೂ ಮಾಡಿದ್ದ ಕೂಡ್ಲೆ ಕಂಪ್ಯೂಟರ್ ಅದನ್ನ ಫೋನ್ ಕಾಲ್ ಅಂತ ತಿಳ್ಕೊಂಡು ಮೋನೋಕ್ಕ ಇಳಿಸಿತ್ತು. ಎಡಬಲ ಇಲ್ದ ಎರಡು ವಾರ ಆಡ್ಯಾನ ಆ ಮನಷ್ಯಾ, ನನಗಿಂತ ಹೆಚ್ಚು ಕಿಲ್ ತೊಗೊಂಡಾನ, ಇದಕ್ಕೇನನ್ಬೇಕೋ. 2.4 ಗಿಗಾಹರ್ಟ್ಸ್ ಡಾಂಗಲ್ (ಕಂಪ್ಯೂಟರಿಗೆ ಸಿಗಸೂ ಸಣ್ಣ ರಿಸೀವರ್) ಇರೂ ವಾಯರ್‌ಲೆಸ್ ಬ್ಯಾರೆ ಮಾತು, ಅದು ನಡೀತೈತಿ.

ಯಾವ ಹೆಡ್‌ಫೋನ್ ಇದ್ರೂ ನ್ಯೂಕ್ ಮ್ಯಾಪಿನ್ಯಾಗ ನಂಗ ಇವತ್ತಿಗೂ ಗಂಟು ಬೀಳ್ತೈತಿ. ಬಾಂಬ್ ಇಡೂ ಜಾಗಾ ಎರಡು, ಎ ಸೈಟ್ ಮ್ಯಾಲ, ಬಿ ಸೈಟ್ ಅದರ ಕೆಳಗ, ಮ್ಯಾಲಿನ ಹೆಜ್ಜಿಯೋ ಕೆಳಗಿಂದೋ ಅಂತ. ಗೇಮಿನ ಎಚ್‌ಆರ್‌ಟಿಎಫ್ ಯಾರದೋ ಕಿವಿ ಅಳತಿಗೆ ಮಾಡಿದ್ದು, ನನ್ನ ಕಿವಿ ಹಾಲಿದು ಅದಕ್ಕ ಗೊತ್ತಿಲ್ಲ, ಮ್ಯಾಲ ಕೆಳಗ ಹೇಳೂ ಸುಳಿವು ಮೊದಲು ಕೆಡೋದು ಅಲ್ಲೇ. ಅಲ್ಲಿ ನಾ ಕಿವಿಗಿಂತ ನೆಲಾ ನಂಬ್ತೀನಿ, ಕಬ್ಬಿಣದ ಮ್ಯಾಲ ಹೆಜ್ಜಿ ಬಿದ್ರ ಒಂದು ಸಪ್ಪಳ, ಕಾಂಕ್ರೀಟ್ ಮ್ಯಾಲ ಇನ್ನೊಂದು. ಮುಂದ ಹಿಂದ ಅನುಮಾನ ಬಂದ್ರ ಮೌಸ್ ಒಂಚೂರು ಬಲಕ್ಕ ತಿರುಗಿಸ್ತೀನಿ. ಸಪ್ಪಳ ಎಡಕ್ಕ ಜಾರಿದ್ರ ಅಂವ ಮುಂದ ಅದಾನ, ಬಲಕ್ಕ ಜಾರಿದ್ರ ಹಿಂದ. ಮನಿಯೊಳಗ ಏನರ ಸಪ್ಪಳ ಆದ್ರ ನಾವು ತಲಿ ಹೊಳ್ಳಿಸಿ ಕೇಳ್ತೀವಲ್ಲ, ಅದ.

ಜೋರು ಬಗ್ಗೆ ಒಂದು. ಹೆಜ್ಜಿ ಕೇಳ್ಬೇಕಂತ ವಾಲ್ಯೂಮ್ ಏರಿಸ್ತಾ ಹೋಗಿ ಒಂದು ರಾತ್ರಿ ಮಲಗಿದಾಗ ಕಿವ್ಯಾಗ ಕುಂಯ್ ಅಂತ ಶುರು ಆಗಿ ಬೆಳತನಕ ನಿಲ್ಲಲಿಲ್ಲ, ಗಾಬರಿ ಆತು. ವಾರಕ್ಕ 40 ತಾಸು ಕೇಳಿದ್ರ 80 ಡೆಸಿಬೆಲ್ ದಾಟಬಾರ್ದು ಅಂತ ವಿಶ್ವ ಆರೋಗ್ಯ ಸಂಸ್ಥೆಯವ್ರು ಹೇಳ್ತಾರ. ಹೊರಗಿನ ಗದ್ದಲ ತಡಿಯೂ ಇನ್‌ಇಯರ್ ಇದ್ರ ಮೊದಲಿನಷ್ಟು ಏರ್ಸೂ ಕೆಲಸಾ ಬೀಳಂಗಿಲ್ಲ. ಈಗ ಬಾಂಬ್ ಸ್ಫೋಟ ಆದಾಗ ಮುಖ ಕಿವುಚೋಹಂಗ ಆಗ್ಬಾರ್ದು, ಅಷ್ಟಕ್ಕ ಇಟ್ಟೀನಿ.

560ಎಸ್ ಮಾರಿಲ್ಲ, ನಸುಕಿನ್ಯಾಗ ಮನಿ ತಣ್ಣಗಿದ್ದಾಗ ಹಾಡು ಕೇಳಾಕ ಇಟ್ಕೊಂಡೀನಿ. ದಿನಾ ಆಡೋದು ಆ ಸಣ್ಣದ್ರಾಗ. ಹೋದ ತಿಂಗಳು ಮತ್ತ ಎರಡು ದಿನ ಎಲ್ಲಾ ಉಲ್ಟಾ ಆತು, ಎಡಕ್ಕ ಕೇಳಿದ್ರ ಬಲಕ್ಕ ಇರ್ತಾನ. ಅಪ್‌ಡೇಟ್ ಬಂದು ಆಡಿಯೋ ಕೆಟ್ಟೈತಿ ಅಂತ ಊರಿಗೆಲ್ಲಾ ಹೇಳಿ, ಡ್ರೈವರ್ ತಗದು ಮತ್ತ ಹಾಕಿ, ಕಡೀಕ ನೋಡಿದ್ರ ಸ್ವಚ್ಛ ಮಾಡುವಾಗ ಎಡಬಲ ಅದಲು ಬದಲು ಮಾಡಿ ಕಿವಿಗೆ ತುರುಕಿದ್ದೆ. ಮಾರ್ಕ್ ಅಷ್ಟು ಸಣ್ಣದು, ರಾತ್ರಿ ಹೊತ್ತು ಕಾಣಂಗಿಲ್ಲ. ಬಲಗಡೆದಕ್ಕ ಕೆಂಪು ಅನ್ನೋದು ಮೊದಲಿಂದ ಇರೂ ಪದ್ಧತಿ, ದೇವರ ಕುಂಕುಮ ಹಚ್ಚಿ ನೋಡಿದೆ, ಬೆವರಿಗೆ ಅಳಿಸಿ ಕಿವಿ ಎಲ್ಲಾ ಕೆಂಪಾತು. ಆಮ್ಯಾಲ ಮನಿ ಮಾಲಕರ ಕಾಕು ಹತ್ರ ನೇಲ್ ಪಾಲಿಶ್ ಕೇಳಾಕ ಹೋದ್ರ "ಕಶಾಲಾ ರೇ ಬಾಳಾ?" (ಯಾಕೋ ಮಗಾ?) ಅಂತ ಮೂರು ಸಲ ಕೇಳಿ, ನಕ್ಕೋತ ಕೊಟ್ರು.