ಹೊಸಬರಿಗೆ ಮಾರ್ಗದರ್ಶಿ: ಬಸುರಿಯರ ತಪಾಸಣೆ, ಒಬ್ಬರೇ ಹೋಗೋದಾ, ಜೊತೆಗೆ ಕೂರೋದಾ?

ಶಕ್ತಿನಗರಕ್ಕೆ ವರ್ಗವಾಗಿ ಬಂದವರು ಏಳನೇ ತಿಂಗಳಿಗೆ ಹೇಗೂ ತವರಿಗೆ ಹೊರಡುತ್ತೀರಿ. ಅಲ್ಲಿವರೆಗಿನ ತಪಾಸಣೆ ಇಲ್ಲೇ ಆಗಬೇಕು.

ನಾನು ಮೊದಲ ಸಲ ಬಸುರಿಯಾದಾಗ ರಾಯಚೂರಿನ ಒಂದು ಆಸ್ಪತ್ರೆಗೆ ತೋರಿಸುತ್ತಿದ್ದೆ. ಎಂಟಕ್ಕೆ ಚೀಟಿ, ಹನ್ನೊಂದೂವರೆಗೆ ಒಳಗೆ, ಐದು ನಿಮಿಷಕ್ಕೆ ಹೊರಗೆ. ‘ಏನಾದರೂ ತೊಂದರೆ?’ ‘ಇಲ್ಲ ಮೇಡಂ.’ ಕೇಳಬೇಕಿದ್ದದ್ದೆಲ್ಲ ವಾಪಸು ಬರುವಾಗ ಬಸ್ಸಿನಲ್ಲಿ ನೆನಪಾಗುತ್ತಿತ್ತು. ಆರು ತಿಂಗಳು ತುಂಬುವ ಹೊತ್ತಿಗೆ ಒಂದು ದಿನ ಬೆಂಚಿನಲ್ಲಿ ಪಕ್ಕ ಕೂತಿದ್ದ ದೇವದುರ್ಗದ ಅಕ್ಕ ನನ್ನನ್ನೇ ನೋಡಿ, ‘ಮಾರಿ ಬಾತದಲ್ಲ ತಂಗೀ, ತಲಿ ನೋಯ್ತದೇನು? ಕಣ್ಣು ಮಂಜಾಗ್ತಾವೇನು?’ ಅಂದಳು. (ಇಲ್ಲಿ ಮಾರಿ ಅಂದರೆ ಮುಖ, ಹೆದರಬೇಡಿ.) ಎರಡು ದಿನದಿಂದ ತಲೆನೋವಿತ್ತು, ಬಿಸಿಲಿಗೆ ಅಂದುಕೊಂಡು ಸುಮ್ನಿದ್ದೆ. ಅವಳೇ ಕೈ ಹಿಡಿದು ಸಿಸ್ಟರ್ ಹತ್ತಿರ ಎಳೆದುಕೊಂಡು ಹೋದಳು. ಬಿಪಿ 150/100. ಅವತ್ತೇ ಅಡ್ಮಿಟ್. ಅವಳಿಗೂ ಚೊಚ್ಚಲಲ್ಲಿ ಹಾಗೇ ಆಗಿತ್ತಂತೆ.

ಈ ಬೆಂಚಿನ ಮಾತನ್ನೇ ಅಮೆರಿಕದಲ್ಲಿ ಒಂದು ಪದ್ಧತಿ ಮಾಡಿದ್ದಾರೆ. ಶೇರನ್ ಶಿಂಡ್ಲರ್ ರೈಸಿಂಗ್ ಎಂಬ ನರ್ಸ್ 1990ರ ದಶಕದಲ್ಲಿ ಶುರು ಮಾಡಿದ್ದು, ಹೆಸರು ‘ಸೆಂಟರಿಂಗ್ ಪ್ರೆಗ್ನೆನ್ಸಿ’. ಹೆಚ್ಚುಕಡಿಮೆ ಒಂದೇ ಸಮಯಕ್ಕೆ ದಿನ ತುಂಬುವ 8ರಿಂದ 12 ಹೆಂಗಸರು, ಸುಮಾರು 10 ಸಲ, ಪ್ರತಿ ಸಲ ಒಂದೂವರೆ–ಎರಡು ತಾಸು ಸೇರುತ್ತಾರೆ. ತೂಕ, ಬಿಪಿ ತಾವೇ ನೋಡಿ ಬರೆದುಕೊಳ್ಳುತ್ತಾರೆ. ಹೊಟ್ಟೆ ನೋಡೋದು, ಮಗುವಿನ ಎದೆಬಡಿತ ಕೇಳೋದು ಮಾತ್ರ ಮೂಲೆಯಲ್ಲಿ ಒಬ್ಬೊಬ್ಬರಿಗೇ. ಆಮೇಲೆ ಸುತ್ತ ಕೂತು ಮಾತು. ತಪಾಸಣೆ ಬಿಟ್ಟು ಹರಟೆ ಅಲ್ಲ, ತಿಳಿಯಿತಲ್ವಾ?

ನಮ್ಮಲ್ಲಿ ತಪಾಸಣೆ ಒಬ್ಬೊಬ್ಬರಿಗೇ. ಅದನ್ನು ತಪ್ಪಿಸಬೇಡಿ. ಪ್ರತಿ ತಿಂಗಳು 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ನಾಲ್ಕನೇ ತಿಂಗಳು ಹಿಡಿದವರಿಂದ ದಿನ ತುಂಬಿದವರವರೆಗೆ ಉಚಿತವಾಗಿ ನೋಡುತ್ತಾರೆ. ಜೊತೆಗೆ ನಮ್ಮ ಸಂಘದ ಭಾನುವಾರದ ಕೂಟಕ್ಕೂ ಬನ್ನಿ, ಬಿಪಿ ಮಿಷನ್ ಇಟ್ಟಿದ್ದೇವೆ. 140/90 ಮುಟ್ಟಿದರೆ ಕೂಟ ಬಿಟ್ಟು ನೇರ ಆಸ್ಪತ್ರೆಗೆ. ಗಣಪತಿ ಊಟಕ್ಕೆ ಇಡೀ ಕಾಲೊನಿ ಬರುತ್ತದೆ, ಇದಕ್ಕೆ ಮೂರೇ ಜನ! ‘ನಮ್ಮ ಕಡೆ ಹೀಗೆಲ್ಲ ಇಲ್ಲ’ ಅಂತ ಮೂಗು ಮುರಿಯೋರು ನಿಮ್ಮ ಕಡೆಯ ಅಜ್ಜಿಯರು ಜಗಲಿಯಲ್ಲಿ ಏನು ಮಾತಾಡುತ್ತಿದ್ದರು ಅಂತ ನೆನಪಿಸಿಕೊಳ್ಳಿ.

ಹಾಗಂತ ಎಲ್ಲವೂ ಹತ್ತು ಜನರ ಮುಂದೆ ಹೇಳುವಂಥದ್ದಲ್ಲ. ಹಿಂದೆ ಗರ್ಭ ಹೋಗಿದ್ದರೆ, ಮನೆಯಲ್ಲಿ ಹೊಡೆತ-ಬಡಿತ ಇದ್ದರೆ ಡಾಕ್ಟರ್ ಹತ್ತಿರ ಒಬ್ಬರೇ ಇರುವಾಗ ಹೇಳಿ. ಅತ್ತೆಯವರು ಹೊರಗೆ ಕೂತಿರಲಿ, ಏನೂ ಆಗಲ್ಲ.

ತಗೊಂಡು ಹೋಗಬೇಕಾದ್ದು:
- ತಾಯಿ ಕಾರ್ಡ್ (ಬೇರೆ ಜಿಲ್ಲೆಯದಾದರೂ ಸರಿ)
- ಆಧಾರ್
- ಹಳೇ ಸ್ಕ್ಯಾನ್, ರಕ್ತದ ರಿಪೋರ್ಟ್
- ನೀರು, ಜಾಸ್ತಿನೇ
- ಪ್ರಶ್ನೆ ಬರೆದ ಚೀಟಿ. ಇದನ್ನು ಕೈಯಲ್ಲೇ ಹಿಡಿದಿರಿ. ಚೀಲಕ್ಕೆ ಹಾಕಿದರೆ ಮತ್ತೆ ಬಸ್ಸಲ್ಲೇ ನೆನಪಾಗೋದು.